ಸಹಾಯ ಬೇಕು: ಅಮ್ಮನ ಪಕ್ಕೆಯ ನಳಿಕೆ

ನಮಸ್ಕಾರ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಸ್ತನ ಕ್ಯಾನ್ಸರ್‌ನಿಂದಾಗಿ ಅಮ್ಮನ ಶ್ವಾಸಕೋಶದ ಸುತ್ತ ಪದೇ ಪದೇ ನೀರು ತುಂಬುತ್ತಿದ್ದುದರಿಂದ ಪಕ್ಕೆಗೆ ನಳಿಕೆ ಹಾಕಿ ಮನೆಗೆ ಕಳುಹಿಸಿದ್ದಾರೆ. ದಿನ ಬಿಟ್ಟು ದಿನ ನಾನೇ ನೀರು ತೆಗೆಯುತ್ತೇನೆ. ಒಮ್ಮೆಗೆ 1 ಲೀಟರ್ ಮೀರಬಾರದು, ಕೆಮ್ಮು, ಎದೆನೋವು ಬಂದರೆ ತಕ್ಷಣ ನಿಲ್ಲಿಸಬೇಕು ಎಂದಿದ್ದಾರೆ. ಕಳೆದ ವಾರದವರೆಗೆ ತಿಳಿ ಚಹಾದ ಬಣ್ಣದ ನೀರು 500 ಮಿಲಿ ಬರುತ್ತಿತ್ತು. ಈಗ 100 ದಾಟುತ್ತಿಲ್ಲ, ನಳಿಕೆಯೊಳಗೆ ಬಿಳಿ ಎಳೆಗಳು ಕಾಣುತ್ತಿವೆ. ಜ್ವರವಿಲ್ಲ, ಉಸಿರಾಟವೂ ಸರಿಯಾಗಿದೆ. ವೈದ್ಯರು ನಾಳೆ ಬರಲು ಹೇಳಿದ್ದಾರೆ, ಹಾಗಾಗಿ ಔಷಧಿ ಕೇಳುತ್ತಿಲ್ಲ. ಹೀಗೆ ಕಟ್ಟಿಕೊಂಡಾಗ ನಿಮ್ಮವರಿಗೆ ನಳಿಕೆ ಬದಲಿಸಿದರೇ, ತೊಳೆದು ಸರಿಪಡಿಸಿದರೇ? ಪ್ಲಾಸ್ಟರ್ ಅಂಟಿದಲ್ಲೆಲ್ಲ ಚರ್ಮ ಕೆಂಪಾಗಿದೆ. ಅಮ್ಮನಿಗೆ ನೋವಿಗಿಂತ ಆ ತುರಿಕೆಯದೇ ಸಿಟ್ಟು. ಇದಕ್ಕೆ ಏನು ಮಾಡಿದಿರಿ? ಸಾಗರದಲ್ಲಿ ಮನೆಗೆ ಬಂದು ಡ್ರೆಸ್ಸಿಂಗ್ ಮಾಡುವ ನರ್ಸ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.