ಸಹಾಯ ಬೇಕು: ನೈಟ್ ಡ್ಯೂಟಿ ನರ್ಸ್‌ಗಳ ಕಿರುನಿದ್ದೆಗೆ ರೋಸ್ಟರ್ ಹೇಗೆ ಹೊಂದಿಸುವುದು?

ನಮಸ್ಕಾರ. ವಾರ್ಡ್ ರೋಸ್ಟರ್ ಬದಲಿಸುತ್ತಿದ್ದೇವೆ. ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೇ ಸರಿಯಬೇಕು, ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವು. ಇಷ್ಟು ಖಚಿತ.

ತೊಡಕಿರುವುದು ನಡುರಾತ್ರಿಯ ಕಿರುನಿದ್ದೆಯಲ್ಲಿ. 20 ನಿಮಿಷ ಸಾಕು; ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯಿಂದ ಏಳಬೇಕಾಗುತ್ತದೆ, ಮಂಪರು ಬೇಗ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಇಂಜೆಕ್ಷನ್ ಡೋಸ್ ಲೆಕ್ಕ ಹಾಕುವುದು ಅಪಾಯ. ಹಾಗಾಗಿ ಎದ್ದ ಮೇಲೂ 15 ನಿಮಿಷ ಬಿಡಬೇಕು. ಆದರೆ ಇಬ್ಬರೇ ನರ್ಸ್ ಇರುವ ವಾರ್ಡಿನಲ್ಲಿ ಆ 35 ನಿಮಿಷ ನೋಡಿಕೊಳ್ಳುವವರು ಯಾರು? ಪಕ್ಕದ ವಾರ್ಡಿನವರನ್ನು ಕರೆಸುತ್ತೀರಾ? ರೋಗಿಗಳ ಜವಾಬ್ದಾರಿ ಒಪ್ಪಿಸುವುದು (ಹ್ಯಾಂಡೋವರ್) ಬಾಯಿಮಾತಿನಲ್ಲೋ, ಬರೆದೋ?

ಮೈಯಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಅದಕ್ಕೇ ಪಾಳಿ ಮುಗಿದ ಮೇಲಿನ ನಿದ್ದೆ ಕೆಡದಿರಲೆಂದು ರಾತ್ರಿ 2ರ ನಂತರ ಕಾಫಿ ಬೇಡ ಎಂದಿದ್ದೇವೆ. 4ರ ತೂಕಡಿಕೆಗೆ ಬೇರೆ ಉಪಾಯವಿದ್ದರೆ ತಿಳಿಸಿ. ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಅನ್ನುವ ಸಲಹೆ ದಯವಿಟ್ಟು ಬೇಡ.