ಬೆಳ್ಳಿ-ಮೆಗ್ನೀಸಿಯಂ 3:1 ಮಿಶ್ರಲೋಹ: 27 ಡಿಗ್ರಿಯ ಪೀಕ್ ಯಾವುದರದ್ದು?

ಪ್ರಶ್ನೆ:
ಪರಮಾಣು ಲೆಕ್ಕದಲ್ಲಿ ಶೇ. 25 ಮೆಗ್ನೀಸಿಯಂ ಇರುವ ಮಿಶ್ರಲೋಹ ಇದು. ಬೆಳ್ಳಿ 9.30 ಗ್ರಾಂ, ಮೆಗ್ನೀಸಿಯಂ 0.70 ಗ್ರಾಂ. ಆರ್ಗಾನ್‌ನಲ್ಲಿ ಕರಗಿಸಿ, ಎರಕದ ತುಂಡನ್ನು ನೇರವಾಗಿ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನೀಲ್ ಮಾಡಿದ್ದು (ಕಾಯಿಸಿ ಹದಗೊಳಿಸಿದ್ದು). ತಾಮ್ರದ ಕೆ-ಆಲ್ಫಾ ಎಕ್ಸ್‌-ರೇಯಲ್ಲಿ 2-ಥೀಟಾ (ಕಿರಣ ಚದುರಿ ತಿರುಗುವ ಕೋನ) 27 ಡಿಗ್ರಿಯ ಹತ್ತಿರ ಸಣ್ಣ ಪೀಕ್ ಇದೆ. ಬೆಳ್ಳಿ-ಮೆಗ್ನೀಸಿಯಂ 1:1 ಸಂಯುಕ್ತದ 100 ಪೀಕ್ (100, 211 ಎಂಬವು ಪೀಕ್ ಕೊಡುವ ಪರಮಾಣು ಪದರಗಳ ಗುರುತು) ಕೂಡ ಅಲ್ಲೇ ಬರುತ್ತದಲ್ಲ, ಎರಡನೇ ಫೇಸ್ (ಬೇರೆ ರಚನೆಯ ಭಾಗ) ಉಳಿದಿದೆಯೇ? ಅದೇ ತುಂಡಿಗೆ ಅರ ಹಾಕಿ ತೆಗೆದ ಪುಡಿಯಲ್ಲಿ ಆ ಪೀಕ್ ಕಾಣುವುದೇ ಇಲ್ಲ. ಯಾಕೆ?

ಉತ್ತರ 1:
22.3 ಡಿಗ್ರಿಯಲ್ಲಿ ಜೊತೆಗಾರ ಪೀಕ್ ಇದೆಯೇ ನೋಡಿ. 3:1 ಮಿಶ್ರಲೋಹ ಸುಮಾರು 390 ಡಿಗ್ರಿಗಿಂತ ಕೆಳಗೆ ಆರ್ಡರ್ ಆಗುತ್ತದೆ (ಎರಡೂ ಲೋಹಗಳ ಪರಮಾಣುಗಳು ತಮ್ಮ ತಮ್ಮ ಗೊತ್ತಾದ ಜಾಗ ಹಿಡಿಯುತ್ತವೆ), ಆದರೆ ಸರಳ ಎಲ್1-2 ರಚನೆಯಲ್ಲಿ (ಘನದ ಮೂಲೆಗಳಲ್ಲಿ ಮೆಗ್ನೀಸಿಯಂ, ಮುಖಗಳ ನಡುವೆ ಬೆಳ್ಳಿ) ನಿಲ್ಲುವುದಿಲ್ಲ. ಸಿ-ಅಕ್ಷದ ಮೇಲೆ ಹೆಚ್ಚುಕಡಿಮೆ ಎರಡು ಕೋಶಕ್ಕೊಮ್ಮೆ (ಕೋಶ ಎಂದರೆ ಮರುಕಳಿಸುವ ಪುಟ್ಟ ಘನ) ಪರಮಾಣುಗಳ ಸರದಿ ಅರ್ಧ ಹೆಜ್ಜೆ ಸರಿಯುತ್ತದೆ; ನಾಲ್ಕು ಕೋಶ ಸೇರಿ ಒಂದು ಉದ್ದ ಕೋಶ, ಅದೇ ಡಿ0-23 ರಚನೆ. ಹಾಗಾಗಿ ಸರಳ ರಚನೆಯ 21.6ರ 100 ಪೀಕ್‌ನ ಬಹುಪಾಲು ಒಡೆದು 22.3ಕ್ಕೂ 27.1ಕ್ಕೂ ಹೋಗುತ್ತದೆ. 1:1ರ 100 ಇರುವುದು 26.9ರಲ್ಲಿ. ಆ ಒಂದೇ ಪೀಕ್ ನೋಡಿ ತೀರ್ಮಾನ ಮಾಡಲೇಬೇಡಿ.

1:1 ಇದ್ದರೆ 69.5ರಲ್ಲಿ ಅದರ 211 ಬರಬೇಕು, 37.9ರ ದೊಡ್ಡ ಪೀಕ್‌ನ ಬಲಭುಜ 38.4ರಲ್ಲಿ ಉಬ್ಬಬೇಕು. 1:1ರ ಇನ್ನೊಂದು ಪೀಕ್ ಬರುವ 55.5ನ್ನು ನಂಬಬೇಡಿ, 55ರಲ್ಲಿ 3:1ರದೇ ಒಂದು ಉಪಪೀಕ್ ಇದೆ.

ಉತ್ತರ 2:
ಪುಡಿಯ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅರ ಹಾಕಿದಾಗ ಲೋಹ ತಣ್ಣಗೇ ಜಜ್ಜಿಹೋಗುತ್ತದೆ, 3:1ರ ಆರ್ಡರ್ ಕೆಡುತ್ತದೆ. 1:1 ಹಾಗಲ್ಲ. ಅದು 820 ಡಿಗ್ರಿಯಲ್ಲಿ ಕರಗುವವರೆಗೂ ಆರ್ಡರ್ ಬಿಡುವುದಿಲ್ಲ. ಅದರ ಪೀಕ್ ಅಗಲವಾದೀತು, ಮಾಯವಾಗದು. ಹಾಗಾಗಿ ನಿಮ್ಮ ಪೀಕ್‌ನ ದೊಡ್ಡ ಪಾಲು 3:1ರದ್ದೇ.

ಪುಡಿಯನ್ನು ಟ್ಯಾಂಟಲಮ್ ಹಾಳೆಯಲ್ಲಿ ಸುತ್ತಿ, ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಸೀಲ್ ಮಾಡಿ. 450ರಲ್ಲಿ ಅರ್ಧ ಗಂಟೆ ಇಟ್ಟು, ಗಂಟೆಗೆ 5 ಡಿಗ್ರಿಯಂತೆ 350ಕ್ಕೆ ಇಳಿಸಿ, ಮೂರು ದಿನ ಬಿಡಿ. ಅವಸರ ಮಾಡಿದರೆ ಒಂದೇ ಸರದಿಯಲ್ಲಿ ಆರ್ಡರ್ ಆದ ತುಣುಕುಗಳು, ಅಂದರೆ ಡೊಮೇನ್‌ಗಳು ಚಿಕ್ಕವಾಗಿಯೇ ಉಳಿಯುತ್ತವೆ: ಮುಖ್ಯ ಪೀಕ್‌ಗಳು ಚೂಪು, ಆರ್ಡರ್ ಇದ್ದರಷ್ಟೇ ಬರುವ ಸೂಪರ್‌ಲ್ಯಾಟಿಸ್ ಪೀಕ್‌ಗಳು ಮಾತ್ರ ಮೊಂಡು.

ಪ್ರಶ್ನೆ ಕೇಳಿದವರು:
ತುಂಡಿನಲ್ಲಿ 22.3 ಸ್ಪಷ್ಟವಾಗಿದೆ. ಆದರೆ 69.5ರಲ್ಲೂ ಚಿಕ್ಕ ಉಬ್ಬು ಇದೆ.

ಉತ್ತರ 3:
ಹಾಗಾದರೆ ಎರಡೂ ಇವೆ. ಎರಕ ಗಟ್ಟಿಯಾಗುವಾಗ ಕೊನೆಗೆ ಉಳಿಯುವ ದ್ರವದಲ್ಲಿ ಮೆಗ್ನೀಸಿಯಂ ಹೆಚ್ಚು, ಅಲ್ಲಿ 1:1 ಹುಟ್ಟುತ್ತದೆ. ಅದು ಸುತ್ತಲಿನ ಘನ ಲೋಹದೊಳಗೆ ಬೆರೆತುಹೋಗಲು 350 ಡಿಗ್ರಿ ಸಾಲದು. ಮೊದಲು 650ರಲ್ಲಿ ಮೂರು ದಿನ, ಆಮೇಲೆ ಆರ್ಡರಿಂಗ್ ಅನೀಲ್.

ಕರಗಿಸುವ ಮುಂಚೆ ಮತ್ತು ನಂತರ ತೂಕ ಹಾಕಿ. ಬೆಳ್ಳಿ ಕರಗುವುದು 962ರಲ್ಲಿ, ಮೆಗ್ನೀಸಿಯಂ ಕುದಿಯುವುದು 1090ರಲ್ಲಿ. ಆವಿ ಸುಲಭವಾಗಿ ಹಾರುತ್ತದೆ. 0.05 ಗ್ರಾಂ ಹೋದರೂ ಶೇ. 25 ಇದ್ದದ್ದು ಶೇ. 23.7 ಆಗುತ್ತದೆ. ಮೆಗ್ನೀಸಿಯಂ ಕಡಿಮೆಯಾದರೆ ಪರಮಾಣುವಿಗೆ ಸಿಗುವ ಎಲೆಕ್ಟ್ರಾನ್ ಇಳಿದು ಸರದಿ ಸರಿಯುವ ಅಂತರ ಉದ್ದವಾಗುತ್ತದೆ, 22.3 ಎಡಕ್ಕೂ 27.1 ಬಲಕ್ಕೂ ಜರುಗುತ್ತವೆ. ಮುಚ್ಚಿ ವೆಲ್ಡ್ ಮಾಡಿದ ಟ್ಯಾಂಟಲಮ್ ಮೂಸೆ ಒಳ್ಳೆಯದು. ಕ್ವಾರ್ಟ್ಸ್ ಮೂಸೆ ಮಾತ್ರ ಬೇಡ: ಮೆಗ್ನೀಸಿಯಂ ಅದರ ಆಮ್ಲಜನಕ ಕಿತ್ತುಕೊಂಡು ಸಿಲಿಕಾನನ್ನು ಲೋಹದೊಳಗೆ ಬಿಡುತ್ತದೆ.