ತೊಟ್ಟಿಗೆ ಫಲಕ: ದೀಕ್ಷಾಸ್ನಾನವೋ, ಸ್ನಾನದೀಕ್ಷೆಯೋ?

ಕೇಳಿಕೆ (ಬೆಂಗಳೂರು):
ಪೆಂಟೆಕೋಸ್ಟಲ್ ಪಂಥದ ಕ್ರೈಸ್ತ ಸಭೆಯೊಂದಕ್ಕೆ ಶನಿವಾರದೊಳಗೆ ಎರಡು ಫಲಕ ಬೇಕು. ಒಂದು ವೇದಿಕೆಯ ಹಿಂದೆ ಕಟ್ಟಿರುವ ತೊಟ್ಟಿಗೆ (8 ಅಡಿ ಉದ್ದ, 4 ಅಡಿ ಅಗಲ, ನೀರು 3½ ಅಡಿ, ಎರಡು ಕಡೆಯೂ ಮೆಟ್ಟಿಲು). ಇನ್ನೊಂದು ಪಕ್ಕದ ಬಟ್ಟೆ ಬದಲಿಸುವ ಕೋಣೆಗೆ. ಸಭೆಯವರ ಬಾಯಲ್ಲಿ ಅದು ‘ಬ್ಯಾಪ್ಟಿಸಂ ಟ್ಯಾಂಕ್’, ವಿಶ್ವಾಸಿಗಳನ್ನು ನೀರಲ್ಲಿ ಮುಳುಗಿಸಿ ಎತ್ತುವ ಸಂಸ್ಕಾರದ ತೊಟ್ಟಿ. ಪಾಸ್ಟರಿಗೆ ಕನ್ನಡದ್ದೇ ಬೇಕು. ‘ದೀಕ್ಷಾಸ್ನಾನ’, ‘ಸ್ನಾನದೀಕ್ಷೆ’ ಎರಡನ್ನೂ ಓದಿದ್ದೇನೆ. ಬರೀ ‘ಸ್ನಾನದ ತೊಟ್ಟಿ’ ಎಂದರೆ ಬಚ್ಚಲು ನೆನಪಾಗುತ್ತದೆ. ನೀರಿಗಿಳಿಯುವವರನ್ನು ಏನೆನ್ನಬೇಕು?

ಮರು (ಧಾರವಾಡ):
ಸಮಾಸ ಬಿಡಿಸಿದರೆ ಉತ್ತರ ಸಿಗುತ್ತದೆ. ತತ್ಪುರುಷದಲ್ಲಿ ಉತ್ತರಪದವೇ (ಎರಡನೆಯ ಪದವೇ) ಪ್ರಧಾನ. ‘ದೀಕ್ಷಾಸ್ನಾನ’ದಲ್ಲಿ ಸ್ನಾನ ಮುಖ್ಯ, ‘ಸ್ನಾನದೀಕ್ಷೆ’ಯಲ್ಲಿ ದೀಕ್ಷೆ ಮುಖ್ಯ, ಲಿಂಗದೀಕ್ಷೆಯ ಹಾಗೆ. ಹಿಂದಕ್ಕೆ ಬಾಗಿಸಿ, ಮೂಗಿಗೆ ಕರವಸ್ತ್ರ ಹಿಡಿದು, ತಲೆಗೂದಲೂ ನೀರೊಳಗೆ ಹೋಗುವಂತೆ ಮುಳುಗಿಸಿ ಎತ್ತುವವರಿಗೆ ಮೊದಲನೆಯದೇ ಒಪ್ಪುತ್ತದೆ. ಹಳೆಯ ಸತ್ಯವೇದದಲ್ಲೂ (ಕನ್ನಡ ಬೈಬಲ್) ಮತ್ತಾಯ 28:19ಕ್ಕೆ ‘ದೀಕ್ಷಾಸ್ನಾನ ಮಾಡಿಸಿ’ ಎಂದೇ ಇದೆ.

ಆದರೆ ‘ದೀಕ್ಷಾಸ್ನಾನತೊಟ್ಟಿ’ ಎಂದು ಕೂಡಿಸಬೇಡಿ, ಸಂಸ್ಕೃತಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ ಅದು. ‘ದೀಕ್ಷಾಸ್ನಾನದ ತೊಟ್ಟಿ’ ಎಂದು ವಿಭಕ್ತಿ ಹಚ್ಚಿ. ‘ದೀಕ್ಷಾ ಸ್ನಾನ’ ಎಂದು ಒಡೆಯುವುದೂ ತಪ್ಪು. ‘ಧೀಕ್ಷೆ’ಯ ಮಾತೇ ಬೇಡ.

ಮರು (ಕುಂದಾಪುರ):
ಎರಡೂ ಸಂಸ್ಕೃತದ ಹೊರೆ. ಗ್ರೀಕಿನ ‘ಬಾಪ್ಟಿಜೋ’ ಎಂದರೆ ಅದ್ದು, ಮುಳುಗಿಸು. ಅಲ್ಲಿ ದೀಕ್ಷೆ ಎಲ್ಲಿಂದ ಬಂತು? ತಮಿಳು ಕ್ಯಾಥೊಲಿಕರು ‘ತಿರುಮುಳುಕ್ಕು’ ಎಂದು ಧೈರ್ಯವಾಗಿ ಹೇಳುತ್ತಾರೆ. ನಮ್ಮಲ್ಲಿ ‘ಮೀಯು’ ಇದೆ, ತುಳುವಿನಲ್ಲಿ ‘ಮೀಪಿನಿ’ ಇದೆ. ‘ಮೀಯುವ ಕೊಳ’ ಎಂದು ಬರೆಯಿರಿ, ಅಜ್ಜಿಗೂ ತಿಳಿಯುತ್ತದೆ.

ಮರು (ಧಾರವಾಡ):
ಅಜ್ಜಿಗೆ ತಿಳಿಯುವುದು ಎಮ್ಮೆ ಮೀಯಿಸುವ ಕೊಳ. ಮುಂದಿನ ಪ್ರಶ್ನೆ?

ಮರು (ಬಳ್ಳಾರಿ):
‘ಮುಳುಗು’ವಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಹಡಗು ಮುಳುಗುತ್ತದೆ, ಚೀಟಿ ದುಡ್ಡು ಮುಳುಗುತ್ತದೆ, ಎದ್ದು ಬರುವುದಿಲ್ಲ. ರೋಮಾಪುರದವರಿಗೆ 6:4ರ ಪ್ರಕಾರ ಹೂಣಿಡುವುದು ಅರ್ಧ, ಎದ್ದು ಬರುವುದು ಇನ್ನರ್ಧ. ‘ಸ್ನಾನ’ದಲ್ಲಿ ಎದ್ದು ಹೊರಬರುವುದು ತಾನಾಗಿ ಸೇರಿದೆ.

ಹಾಗೆಂದು ಸ್ನಾನ ಎಂದಾಕ್ಷಣ ಮುಳುಗಿಸುವುದೇ ಎಂಬ ಧಾರವಾಡದ ವಾದ ನಿಲ್ಲದು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಹಸುಗೂಸಿನ ತಲೆಗೆ ನೀರು ಹಾಕುವುದಕ್ಕೂ ಇದೇ ಪದ. ಅವರದು ತೊಟ್ಟಿಯಲ್ಲ, ಬೋಗುಣಿ, ಅಷ್ಟೆ.

ಜನರ ವಿಷಯ: ‘ದೀಕ್ಷಾಸ್ನಾನ ಹೊಂದುವವರು’. ‘ಅಭ್ಯರ್ಥಿ’ ಚುನಾವಣೆಗೆ ಇರಲಿ. ಕೋಣೆ ಗಂಡಸರಿಗೊಂದು, ಹೆಂಗಸರಿಗೊಂದು ಇರಬೇಕು, ಫಲಕವೂ ಎರಡು.

ಮರು (ಕುಂದಾಪುರ):
ಸಂಸ್ಕೃತವಾದರೆ ಮಡಿ, ಇಂಗ್ಲಿಷಾದರೆ ಮೈಲಿಗೆ. ಚೆನ್ನಾಗಿದೆ.

ಮರು (ಮಂಗಳೂರು):
ಪೋರ್ಚುಗೀಸಿನ ‘ಪಾದ್ರಿ’, ‘ಇಗರ್ಜಿ’ (ಚರ್ಚು) ಬಂದು ಕೂತಾಗ ಯಾರೂ ಅರಿಸಮಾಸ ನೋಡಲಿಲ್ಲ. ‘ಮೇಜು’ವಿನ ಮೇಲೆ ಸತ್ಯವೇದ ಇಟ್ಟು ಅಚ್ಚಗನ್ನಡ ಬೋಧಿಸುವವರೂ ಇದ್ದಾರೆ, ಆ ಮೇಜೂ ಎರವಲೇ. ತೆಲುಗಿನವರು ‘ಬಾಪ್ತಿಸ್ಮಮು’ ಎಂದು ಮೂಲವನ್ನೇ ಇಟ್ಟುಕೊಂಡರು, ಅವರ ಭಾಷೆ ಕೆಡಲಿಲ್ಲ. ‘ಬ್ಯಾಪ್ಟಿಸಂ ತೊಟ್ಟಿ’ ಎಂದು ಬರೆದರೂ ಜನ ದಾರಿ ತಪ್ಪುವುದಿಲ್ಲ.

ಮರು (ಬಳ್ಳಾರಿ):
ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಫಲಕದವನಿಗೆ ಹೇಳಬೇಕಾದ್ದು: ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದ ಹಳೆಯ ಆವೃತ್ತಿಯಲ್ಲಿ ಯೂನಿಕೋಡ್ ಅಂಟಿಸಿದರೆ ‘ಕ್ಷ’, ‘ಸ್ನಾ’ ಎರಡೂ ಬಿಚ್ಚಿಕೊಂಡು ‘ಕ್’, ‘ಸ್’ ಬೇರೆ ನಿಲ್ಲುತ್ತವೆ. ‘ನುಡಿ’ ತಂತ್ರಾಂಶದ ಯೂನಿಕೋಡೇತರ ಅಕ್ಷರಕ್ಕೆ ಬದಲಿಸಿಕೊಳ್ಳಲಿ. ಆಮೇಲೆ ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿ ವಿನೈಲ್ ಕತ್ತರಿಸಲಿ. ಒತ್ತಕ್ಷರ ತೀರ ಸಣ್ಣದಾದರೆ ತೇವಕ್ಕೆ ಮೊದಲು ಅದೇ ಕಿತ್ತು ಬರುತ್ತದೆ.

ನಿಮ್ಮ ಅಳತೆಗೆ ಸುಮಾರು 3,170 ಲೀಟರ್ ನೀರು ಹಿಡಿಯುತ್ತದೆ. ಹಿಂದಿನ ರಾತ್ರಿಯೇ ತುಂಬಿಸಬೇಕಾದೀತು. ಫಲಕದ ಕೆಳಗೆ ‘ನೀರು 3½ ಅಡಿ’ ಎಂದೂ, ‘ತಂತಿಯ ಮೈಕ್ ಹಿಡಿದು ಇಳಿಯಬೇಡಿ’ ಎಂದೂ ಬರೆಸಿ. ಶಾಕ್ ಹೊಡೆದರೆ ನೀರೊಳಗಿರುವ ಇಬ್ಬರಿಗೂ ಹೊಡೆಯುತ್ತದೆ.

ಕೇಳಿಕೆ (ಬೆಂಗಳೂರು):
‘ದೀಕ್ಷಾಸ್ನಾನದ ತೊಟ್ಟಿ’, ‘ದೀಕ್ಷಾಸ್ನಾನ ಹೊಂದುವ ಸ್ತ್ರೀಯರ ಕೋಣೆ’, ‘ದೀಕ್ಷಾಸ್ನಾನ ಹೊಂದುವ ಪುರುಷರ ಕೋಣೆ’. ಕೊಟ್ಟಾಯಿತು. ಎಲ್ಲರಿಗೂ ವಂದನೆ.

ಮರು (ಕುಂದಾಪುರ):
‘ಕೊಳ’ ಎಂದಿದ್ದರೆ ಒಂದು ಒತ್ತಾದರೂ ಉಳಿಯುತ್ತಿತ್ತು.